ಪಥ್ಯ ಹಳೆಯದು, ಅಕ್ಕಿ ಹೊಸದು

ವಿಟಮಿನ್ ಬಿ1ರ ಕೊರತೆಯಿಂದ ಬರುವ ರೋಗ ಬೆರಿಬೆರಿ. ಸೋಮಂದೇಪಲ್ಲಿ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ ಸೀಮೆಯ ಮಕ್ಕಳು ಈ ವಾಕ್ಯವನ್ನು ಪರೀಕ್ಷೆಗೆಂದು ಕಂಠಪಾಠ ಮಾಡುತ್ತಾರೆ, ಅಂಕ ಬಂದೊಡನೆ ಮರೆಯುತ್ತಾರೆ. ಹಡಗಿನ ನಾವಿಕರಿಗೂ ಸೆರೆಮನೆಯ ಕೈದಿಗಳಿಗೂ ಎಂದೋ ಬಂದು ಹೋದ ಕಾಯಿಲೆಯೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಅದು ಹೋಗಿಲ್ಲ. ನಮ್ಮ ಸುತ್ತಿನ ಜನ ದೊಡ್ಡ ಚಿಕಿತ್ಸೆಗೆಂದು ಹೋಗುವ ಬೆಂಗಳೂರಿನಲ್ಲಿಯೇ ವೈದ್ಯರು ಅದನ್ನು ಎರಡು ಮೂರು ತಿಂಗಳ ಹಸುಗೂಸುಗಳಲ್ಲಿ ಕಂಡಿದ್ದಾರೆ.

ಜಯದೇವ ಹೃದ್ರೋಗ ಸಂಸ್ಥೆಯ ಮಕ್ಕಳ ವಿಭಾಗಕ್ಕೆ ಬಂದ ಕೆಲವು ಕೂಸುಗಳ ಸ್ಥಿತಿ ಮೊದಮೊದಲು ಒಗಟಾಗಿತ್ತು. ಹೃದಯದಲ್ಲಿ ರಂಧ್ರವಿಲ್ಲ, ಹುಟ್ಟು ದೋಷವಿಲ್ಲ. ಆದರೂ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಒತ್ತಡ ವಿಪರೀತ ಏರಿ, ಹೃದಯದ ಬಲಭಾಗ ಊದಿಕೊಂಡು, ಮಗು ಕೆಲವೇ ಗಂಟೆಗಳಲ್ಲಿ ಕೈಬಿಟ್ಟು ಹೋಗುವಂತಿತ್ತು. ಇವು ತಾಯಿಯ ಹಾಲನ್ನಷ್ಟೇ ಕುಡಿಯುತ್ತಿದ್ದ ಕೂಸುಗಳು. ತಾಯಂದಿರನ್ನು ವಿಚಾರಿಸಿದಾಗ ಅವರ ಊಟ ಪಾಲಿಶ್ ಮಾಡಿದ ಬಿಳಿಯ ಅಕ್ಕಿಯ ಅನ್ನ, ಜೊತೆಗೆ ಬಾಣಂತನದ ಕಟ್ಟುನಿಟ್ಟಿನ ಪಥ್ಯ ಎಂಬುದು ತಿಳಿಯಿತು. ರಕ್ತನಾಳದ ಮೂಲಕ ಥಯಾಮಿನ್, ಅಂದರೆ ಬಿ1, ಕೊಟ್ಟಾಗ ಇಂಥ ಕೂಸುಗಳು ಒಂದೆರಡು ದಿನಗಳಲ್ಲಿಯೇ ಚೇತರಿಸಿಕೊಂಡವು. ಸಂಸ್ಥೆಯ ವೈದ್ಯರು ಈ ಅನುಭವವನ್ನು ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಅನ್ನವೇ ಮುಖ್ಯ ಆಹಾರವಾಗಿರುವ ಕಾಶ್ಮೀರದ ವೈದ್ಯರೂ ಇಂಥದೇ ಕೂಸುಗಳ ಬಗ್ಗೆ ಬರೆದಿದ್ದಾರೆ.

ತಾಯಿಯ ಹಾಲಿಗೂ ಈ ವಿಟಮಿನ್ನಿಗೂ ಇರುವ ನಂಟು ಸರಳವಾದುದು. ದೇಹ ಬಿ1ನ್ನು ಹೆಚ್ಚು ಕೂಡಿಡಲಾರದು. ದಾಸ್ತಾನು ಎರಡು ಮೂರು ವಾರಕ್ಕೆ ಮುಗಿಯುತ್ತದೆ. ತಾಯಿ ತಿಂದರೆ ಹಾಲಿನಲ್ಲಿ ಉಂಟು, ತಿನ್ನದಿದ್ದರೆ ಇಲ್ಲ. ತಾಯಿಗೆ ಕಾಲು ಜೋಮು, ಸುಸ್ತು ಅಷ್ಟೇ ಕಾಣಬಹುದು, ಅದೂ ಕಾಣದಿರಬಹುದು. ವೇಗವಾಗಿ ಬೆಳೆಯುತ್ತಿರುವ ಕೂಸಿನ ಹೃದಯಕ್ಕೆ ಮಾತ್ರ ಆ ಕೊರತೆ ತಡೆಯಲಾಗದು.

ಕೊರತೆ ಬರುವುದೆಲ್ಲಿಂದ? ಬತ್ತದ ಬಿ1 ಬಹುಪಾಲು ಇರುವುದು ತವುಡಿನಲ್ಲಿ ಮತ್ತು ಮೊಳಕೆಯ ಭಾಗದಲ್ಲಿ. ಗಿರಣಿ ಅದನ್ನು ಉಜ್ಜಿ ತೆಗೆಯುತ್ತದೆ. ಉಳಿದ ಅಲ್ಪಸ್ವಲ್ಪವೂ ಅಕ್ಕಿಯನ್ನು ಮೂರು ನಾಲ್ಕು ಸಲ ತೊಳೆದು, ಗಂಜಿ ಬಸಿದಾಗ ನೀರಿನೊಡನೆ ಹೋಗುತ್ತದೆ. ನೂರು ಗ್ರಾಂ ಬಿಳಿಯ ಅಕ್ಕಿಯಲ್ಲಿ ಇರುವುದು ಸುಮಾರು 0.05 ಮಿಲಿಗ್ರಾಂ, ಅಷ್ಟೇ ರಾಗಿಯಲ್ಲಿ ಸುಮಾರು 0.4. ಕಡಲೆಕಾಯಿಯಲ್ಲಿ ಅದಕ್ಕಿಂತಲೂ ಹೆಚ್ಚು. ರಾಗಿಯೂ ಕಡಲೆಕಾಯಿಯೂ ಈ ನೆಲದ ಬೆಳೆಗಳೇ ಎಂಬುದನ್ನು ಇಲ್ಲಿಯವರಿಗೆ ಯಾರೂ ಹೇಳಬೇಕಿಲ್ಲ. ಆದರೆ ಬಾಣಂತಿಗೆ ಹಲವು ಮನೆಗಳಲ್ಲಿ ಕಡಲೆಕಾಯಿ ಪಿತ್ತ, ಕಾಳು ವಾಯು, ಸೊಪ್ಪು ಶೀತ, ಮುದ್ದೆ ಭಾರ. ಉಳಿಯುವುದು ಅನ್ನ, ತುಪ್ಪ, ಮೆಣಸು ಬೆಳ್ಳುಳ್ಳಿಯ ತಿಳಿಸಾರು. ಊಟದ ಮೇಲೆ ಹಾಕುವ ಎಲೆ ಅಡಿಕೆಯೂ ಪದೇ ಪದೇ ಕುಡಿಯುವ ಟೀ ಕೂಡ ಬಿ1 ಮೈಗೆ ಹತ್ತುವುದಕ್ಕೆ ಅಡ್ಡಿ.

ಹಾಗೆಂದು ಅಜ್ಜಿಯರನ್ನು ದೂರುವುದು ನ್ಯಾಯವಲ್ಲ. ಈ ಪಥ್ಯ ರೂಢಿಗೆ ಬಂದ ಕಾಲದಲ್ಲಿ ಅಕ್ಕಿಯನ್ನು ಒರಳಿನಲ್ಲಿ ಕುಟ್ಟುತ್ತಿದ್ದರು, ತವುಡಿನ ಪದರು ಸ್ವಲ್ಪವಾದರೂ ಉಳಿಯುತ್ತಿತ್ತು. ಪಥ್ಯ ಹಾಗೆಯೇ ಉಳಿದು ಅದರೊಳಗಿನ ಅಕ್ಕಿ ಬದಲಾಯಿತು. ಇನ್ನು ಸಾರವರ್ಧಿತ ಅಕ್ಕಿಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಕಡ್ಡಾಯವಾಗಿ ಸೇರುತ್ತವೆ; ಬಿ1 ಸೇರಿಸುವುದು ಕಡ್ಡಾಯವಲ್ಲ.

ಗಿರಣಿ ಅಕ್ಕಿಯ ಈ ಗುಟ್ಟು ಬಯಲಾದ ಕಥೆ ಹಳೆಯದು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್ಮನ್, ಬಿಳಿಯ ಅನ್ನ ತಿಂದ ಕೋಳಿಗಳ ಕಾಲು ಸೋಲುವುದನ್ನೂ ತವುಡು ಸಹಿತ ಅಕ್ಕಿ ಕೊಟ್ಟರೆ ಅವು ಎದ್ದು ನಡೆಯುವುದನ್ನೂ ಗಮನಿಸಿದನು. 1929ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಫಿಲಿಪ್ಪೀನ್ಸ್‌ನಲ್ಲಿ ಎದೆಹಾಲು ಕುಡಿಯುವ ಕೂಸುಗಳೇ ಈ ರೋಗದಿಂದ ಸಾಯುತ್ತಿದ್ದಾಗ ಅವಕ್ಕೆ ತವುಡಿನ ಸಾರ ಕುಡಿಸಿ ಬದುಕಿಸಿದವರಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬ ತರುಣ ರಸಾಯನಶಾಸ್ತ್ರಜ್ಞನೂ ಒಬ್ಬ. ಮುಂದೆ 1936ರಲ್ಲಿ ಬಿ1ನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದವನೂ ಅವನೇ. ಆತ ಹುಟ್ಟಿದ್ದು 1886ರಲ್ಲಿ, ನಮ್ಮ ಆಂಧ್ರದ ನೆಲ್ಲೂರಿನಲ್ಲಿ, ಮಿಷನರಿ ದಂಪತಿಗಳ ಮಗನಾಗಿ.

ಮನೆಯವರು ಗುರುತಿಸಬೇಕಾದ ಲಕ್ಷಣಗಳು ಇವು. ಅದುವರೆಗೆ ಚೆನ್ನಾಗಿದ್ದ ಕೂಸು ಏಕಾಏಕಿ ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಸಮಾಧಾನವಿಲ್ಲದೆ ಅಳುತ್ತದೆ. ಉಸಿರು ಜೋರಾಗುತ್ತದೆ, ಪಕ್ಕೆ ಸೆಳೆಯುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಕೆಲವೊಮ್ಮೆ ದನಿ ಒಡೆದು, ಬಾಯಿ ತೆರೆದು ಅತ್ತರೂ ಸದ್ದೇ ಬರುವುದಿಲ್ಲ. ಇದನ್ನು ದೃಷ್ಟಿ ತಗುಲಿತೆಂದೋ ಬಾಲಗ್ರಹವೆಂದೋ ನೀವಾಳಿಸುತ್ತ ಕೂತರೆ ಹೊತ್ತು ಮೀರುತ್ತದೆ. ಇದೇ ಲಕ್ಷಣಗಳು ನ್ಯುಮೋನಿಯಾದಲ್ಲಿಯೂ ರಕ್ತದ ನಂಜಿನಲ್ಲಿಯೂ ಕಾಣುವುದರಿಂದ ಮನೆಮದ್ದಿಗೆ ಇಲ್ಲಿ ಎಡೆಯಿಲ್ಲ. 108ಕ್ಕೆ ಕರೆ ಮಾಡಿ ಪೆನುಕೊಂಡ ಅಥವಾ ಹಿಂದೂಪುರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಜೊತೆಗೆ ಹೋದವರು ವೈದ್ಯರಿಗೆ ಮರೆಯದೆ ಹೇಳಬೇಕಾದುದು ತಾಯಿ ಏನು ಉಣ್ಣುತ್ತಿದ್ದಾಳೆ, ಎಷ್ಟು ದಿನದಿಂದ ಪಥ್ಯದಲ್ಲಿದ್ದಾಳೆ ಎಂಬುದು. ವೈದ್ಯರಿಗೆ ಬಿ1ರ ನೆನಪಾಗಲು ಕೆಲವೊಮ್ಮೆ ಅಷ್ಟೇ ಸಾಕು. ಔಷಧ ಅಗ್ಗ, ಹೆಚ್ಚಾದದ್ದು ಮೂತ್ರದಲ್ಲಿ ಹೊರಹೋಗುತ್ತದೆ.

ಈ ಭಯದಿಂದ ಯಾರೂ ಎದೆಹಾಲು ಬಿಡಿಸಬಾರದು. ಮೊದಲ ಆರು ತಿಂಗಳು ಅದೇ ಕೂಸಿನ ಅಮೃತ. ಬದಲಾಗಬೇಕಾದುದು ತಾಯಿಯ ತಟ್ಟೆ. ಪಥ್ಯವನ್ನು ಪೂರ್ತಿ ಬಿಡಲು ಹಿರಿಯರು ಒಪ್ಪದಿದ್ದರೆ ರಾಗಿ ಗಂಜಿ ಅಥವಾ ಮೆತ್ತಗಿನ ಮುದ್ದೆ, ಬೇಯಿಸಿದ ಹೆಸರುಕಾಳು, ಸಾಧ್ಯವಾದರೆ ಕುಸುಬಲಕ್ಕಿ, ಮಾಂಸಾಹಾರಿಗಳಾದರೆ ಮೊಟ್ಟೆ, ಇಷ್ಟನ್ನಾದರೂ ಸೇರಿಸಲು ಕೇಳಿಕೊಳ್ಳಬಹುದು. ಅಂಗನವಾಡಿಯಿಂದ ಬಾಣಂತಿಯ ಹೆಸರಿನಲ್ಲಿ ರಾಗಿಹಿಟ್ಟು, ಬೆಲ್ಲ, ಕಡಲೆಕಾಯಿ ಚಿಕ್ಕಿ ಮನೆಗೆ ಬಂದರೆ, ಪಿತ್ತವೆಂದು ಆ ಚಿಕ್ಕಿಯನ್ನು ಶಾಲೆಯಿಂದ ಬಂದ ದೊಡ್ಡ ಮಕ್ಕಳಿಗೆ ಹಂಚುವುದು ಹಲವು ಮನೆಗಳ ರೂಢಿ. ಬೆರಿಬೆರಿಯ ಪಾಠ ಓದಿದ ಆ ಮಕ್ಕಳೇ ಅದನ್ನು ಅಕ್ಕನ ಕೈಗೆ ಹಿಂದಿರುಗಿಸಬಹುದು.