ಕೋವಿಯ ನಂಬರ್ ಹೋಗಲಿ, ಮನೆಯ ವಿಳಾಸ ಬೇಡ

ಚುನಾವಣೆ ಘೋಷಣೆಯಾಯಿತೆಂದರೆ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಊರುಗಳಲ್ಲಿ, ಎಚ್.ಡಿ. ಕೋಟೆಯ ಕಾಡಂಚಿನಲ್ಲಿ, ಕೆ.ಆರ್. ನಗರದ ಕಡೆಯಲ್ಲೂ ಲೈಸೆನ್ಸುದಾರರು ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಠಾಣೆಗೆ ಒಪ್ಪಿಸಲು ಹೊರಡುತ್ತಾರೆ. ರೈಟರ್ ಲೈಸೆನ್ಸ್ ಪುಸ್ತಕ ತಿರುವಿ, ಕೋವಿಯ ಮೇಲೆ ಕೆತ್ತಿದ ನಂಬರನ್ನು ತಾಳೆ ನೋಡಿ, ಚೀಟಿ ಕಟ್ಟಿ ರಸೀದಿ ಕೊಡುತ್ತಾರೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಈಚೆ ಕಾಡುಹಂದಿ ಓಡಿಸುವ ರೈತನಿಗೆ ಅದಿಲ್ಲ.

ಮೊದಲೆಲ್ಲ ಲೈಸೆನ್ಸುದಾರರ ವಿವರ ಠಾಣೆಯ ವಹಿ, ಮೈಸೂರಿನ ಡಿ.ಸಿ. ಕಚೇರಿಯ ಕಡತ ದಾಟಿ ಹೆಚ್ಚು ದೂರ ಹೋಗುತ್ತಿರಲಿಲ್ಲ. ಈಗ ಪ್ರತಿ ಲೈಸೆನ್ಸಿಗೂ ಒಂದು ವಿಶಿಷ್ಟ ಗುರುತು ಸಂಖ್ಯೆಯಿದ್ದು, ವಿವರವೆಲ್ಲ ಕೇಂದ್ರ ಗೃಹ ಇಲಾಖೆಯ ರಾಷ್ಟ್ರೀಯ ದತ್ತಸಂಚಯಕ್ಕೆ ಸೇರಿದೆ. ಕಳ್ಳಕೋವಿ ಪತ್ತೆಗೆ ಇದು ಬೇಕು, ಒಪ್ಪೋಣ. ಆದರೆ ಯಾರ ಮನೆಯಲ್ಲಿ ಕೋವಿಯಿದೆ ಎಂಬ ಪಟ್ಟಿ ಕಳ್ಳನ ಕೈಗೆ ಸಿಕ್ಕರೆ, ಕೂಗಿದರೂ ಕೇಳಿಸದ ತೋಟದ ಒಂಟಿಮನೆಯವರ ಗತಿಯೇನು?

ಇದು ಬರೀ ಭಯವಲ್ಲ. 2021ರ ಜುಲೈನಲ್ಲಿ ಬ್ರಿಟನ್ನಿನ ಗನ್‌ಟ್ರೇಡರ್ ಎಂಬ ಖಾಸಗಿ ತಾಣದಿಂದ ಸುಮಾರು 1.11 ಲಕ್ಷ ಜನರ ವಿವರ ಕಳುವಾಯಿತು. ಆಮೇಲೆ ಯಾರೋ ಅದನ್ನು ಗೂಗಲ್ ಅರ್ತ್‌ನಲ್ಲಿ ಮನೆ ಮನೆ ತೋರಿಸುವ ಕಡತವಾಗಿ ಹರಿಯಬಿಟ್ಟರು. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರದ ನ್ಯಾಯ ಇಲಾಖೆಯೇ ಸುಮಾರು 1.92 ಲಕ್ಷ ಜನರ ಮಾಹಿತಿ ಸೋರಬಿಟ್ಟಿತು. ಒಂದು ದೇಶದ ಕಂಪ್ಯೂಟರಿನಲ್ಲೇ ಗುಟ್ಟು ನಿಲ್ಲದಿದ್ದರೆ, ಕಳ್ಳಕೋವಿ ಪತ್ತೆಗೆಂದು ಪಟ್ಟಿಯನ್ನು ಹೊರದೇಶದ ಪೊಲೀಸರೊಂದಿಗೂ ಹಂಚಿಕೊಂಡು ಎರಡು ಮೂರು ದೇಶಗಳಿಗೆ ನಕಲು ಹೋದ ಮೇಲೆ ನಿಂತೀತೆ?

ನಮ್ಮ ಪಟ್ಟಿಯನ್ನು ಹೊರಗೆ ಕೊಟ್ಟಿದ್ದಾರೆಂದು ನಾನು ಹೇಳುತ್ತಿಲ್ಲ. ಕೊಡಲು ಹೊರಟರೆ ತಡೆಯುವ ಬೇಲಿ ತೀರಾ ತೆಳು ಎಂಬುದು ನನ್ನ ಆತಂಕ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಕಲಂ, ಕೇಂದ್ರವು ಅಧಿಸೂಚಿಸಿದ ಸರ್ಕಾರಿ ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಡಬಲ್ಲದು. ಅದಕ್ಕೆ ಹೇಳಿರುವ ಕಾರಣಗಳಲ್ಲಿ ವಿದೇಶಗಳೊಂದಿಗಿನ ಸ್ನೇಹಸಂಬಂಧವೂ ಒಂದು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಸರ್ಕಾರ ಆ ಹಕ್ಕಿಗೆ ಕೈಹಾಕುವುದಾದರೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈಹಾಕಬೇಕು. ಇಡೀ ತಾಲ್ಲೂಕಿನ ಪಟ್ಟಿ ಒಪ್ಪಿಸುವುದು 'ತಕ್ಕಷ್ಟು' ಹೇಗಾದೀತು?

ಇದಕ್ಕೆ ದಾರಿ ಇಲ್ಲದಿಲ್ಲ. ಇಂಟರ್‌ಪೋಲ್‌ನ ಐಆರ್ಮ್ಸ್ ವ್ಯವಸ್ಥೆ ಕಳೆದ, ಕದ್ದ, ಕಳ್ಳಸಾಗಣೆಯಾದ ಆಯುಧವನ್ನು ಅದರ ನಂಬರ್, ತಯಾರಿಕೆಯ ಮೇಲೆ ಹುಡುಕುತ್ತದೆ. ಹೊರದೇಶದ ಪೊಲೀಸರು ನಿರ್ದಿಷ್ಟ ಕೇಸಿನಲ್ಲಿ ನಿರ್ದಿಷ್ಟ ಕೋವಿಯ ಬಗ್ಗೆ ಕೇಳಲಿ, ನಾವು ಅಷ್ಟಕ್ಕೇ ಉತ್ತರಿಸೋಣ.

ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಐದು ವರ್ಷ. ನವೀಕರಣಕ್ಕೆ ಬಂದ ರೈತನಿಗೆ, ಈ ನಡುವೆ ತನ್ನ ವಿವರವನ್ನು ಯಾವ ಇಲಾಖೆ, ಯಾವ ದೇಶ, ಯಾವ ಕೇಸಿಗಾಗಿ ಪಡೆಯಿತೆಂದು ಬರವಣಿಗೆಯಲ್ಲಿ ತಿಳಿಸಬೇಕು. ತನಿಖೆಗೆ ತೊಡಕಾಗುವುದಾದರೆ ಕೇಸು ಮುಗಿದ ಮೇಲಾದರೂ ತಿಳಿಸಲಿ.