ಹಳೇ ಬಳಕೆದಾರರು ಕಂಪನಿಗೆ ಹೊರೆಯೇ?

ಹೊಸ ಆವೃತ್ತಿ ಬಂದಮೇಲೆ ಸಾಫ್ಟ್‌ವೇರ್ ಕಂಪನಿಗಳಿಗೆ ಹಳೇ ಗಿರಾಕಿಗಳು ಲೆಕ್ಕಕ್ಕೇ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ವಿಂಡೋಸ್ 95ರ ಕಥೆ ಕೇಳಿದರೆ ಈ ನಂಬಿಕೆ ಅಲುಗಾಡುತ್ತದೆ. ಆಗ ಮನೆಮಾತಾಗಿದ್ದ ಸಿಮ್‌ಸಿಟಿ ಎಂಬ ಆಟ ಆ ಹೊಸ ವಿಂಡೋಸ್‌ನಲ್ಲಿ ಓಡುತ್ತಿರಲಿಲ್ಲ. ತಪ್ಪು ಆಟದ್ದೇ. ಬಳಸಿ ಬಿಟ್ಟುಕೊಟ್ಟ ಮೆಮೊರಿಯನ್ನೇ ಅದು ಮತ್ತೆ ಓದುತ್ತಿತ್ತು. ಹಳೆಯ ವ್ಯವಸ್ಥೆಯಲ್ಲಿ ಆ ಜಾಗಕ್ಕೆ ಕೂಡಲೇ ಬೇರೇನೂ ಬಂದು ಕೂರುತ್ತಿರಲಿಲ್ಲ, ಹಾಗಾಗಿ ದೋಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 'ಆಟ ಮಾಡಿದವರೇ ಸರಿಮಾಡಿಕೊಳ್ಳಲಿ' ಎಂದು ಮೈಕ್ರೋಸಾಫ್ಟ್ ಕೈತೊಳೆದುಕೊಳ್ಳಬಹುದಿತ್ತು. ಅದರ ಎಂಜಿನಿಯರುಗಳು ವಿಂಡೋಸ್ ಒಳಗೇ ಒಂದು ತಪಾಸಣೆ ಸೇರಿಸಿದರು: ಓಡುತ್ತಿರುವುದು ಸಿಮ್‌ಸಿಟಿ ಆಗಿದ್ದರೆ, ಅದು ಬಿಟ್ಟ ಮೆಮೊರಿಯನ್ನು ತಕ್ಷಣ ವಾಪಸ್ ಪಡೆಯಬೇಡ.

ಇದರಲ್ಲಿ ವ್ಯಾಪಾರದ ಲೆಕ್ಕವೂ ಇತ್ತು. ಮನೆಯಲ್ಲಿ ಆಟ ನಿಂತುಹೋದರೆ ಜನ ಬೈಯುವುದು ಹೊಸ ವಿಂಡೋಸನ್ನೇ. ಹೊಸದನ್ನು ಕೊಳ್ಳಬೇಕಾದವರೂ ಆ ಹಳಬರೇ ತಾನೇ?

ಎಂಜಿನಿಯರುಗಳ ನಡುವೆ ಇನ್ನೊಂದು ನಂಬಿಕೆ ಗಟ್ಟಿಯಾಗಿದೆ: ಹಳೆಯ ಕೋಡನ್ನೆಲ್ಲ ಎಸೆದು ಮೊದಲಿನಿಂದ ಬರೆದರೆ ಎಲ್ಲ ಸರಿಹೋಗುತ್ತದೆ. ಬ್ರೌಸರ್ ಕಂಪನಿ ನೆಟ್‌ಸ್ಕೇಪ್ ಹೀಗೆ ಮಾಡಿತು. ನಾಲ್ಕನೇ ಆವೃತ್ತಿ 1997ರಲ್ಲಿ ಬಂದಿತ್ತು, ಐದನೆಯದು ಬರಲೇ ಇಲ್ಲ, ಆರನೆಯದು ಬಂದದ್ದು 2000ದ ಕೊನೆಗೆ. ಅಷ್ಟರಲ್ಲಿ ಅದರ ಬಳಕೆದಾರರು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಪಾಲಾಗಿದ್ದರು.

'ಹಳಬರು ನಾಲ್ಕು ದಿನ ಗೊಣಗುತ್ತಾರೆ, ಆಮೇಲೆ ಒಗ್ಗಿಕೊಳ್ಳುತ್ತಾರೆ' ಎನ್ನುವುದೂ ಪೂರ್ತಿ ನಿಜವಲ್ಲ. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ ತೆಗೆದುಹಾಕಿದ ಮೈಕ್ರೋಸಾಫ್ಟ್, ಮರುವರ್ಷವೇ 8.1ರಲ್ಲಿ ಅದನ್ನು ವಾಪಸ್ ತರಬೇಕಾಯಿತು.

ಹಾಗೆಂದು, ಒಮ್ಮೆ ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರನ್ನು ಕಂಪನಿ ಕೊನೆಯವರೆಗೂ ನೋಡಿಕೊಳ್ಳಬೇಕು ಎಂಬ ನಮ್ಮ ನಿರೀಕ್ಷೆಯೂ ಸರಿಯಲ್ಲ. ಹಳೆಯ ಆವೃತ್ತಿ ತಾನಾಗಿ ಉಳಿಯುವುದಿಲ್ಲ. ಭದ್ರತೆಯ ಪ್ರತಿ ತೂತಿಗೂ ತೇಪೆ ಹಾಕಿ, ಅದರಿಂದ ಬೇರೇನೂ ಕೆಡಲಿಲ್ಲ ಎಂದು ಪರೀಕ್ಷೆ ಮಾಡಬೇಕು. 2001ರ ವಿಂಡೋಸ್ ಎಕ್ಸ್‌ಪಿಗೆ ಈ ಆರೈಕೆ 2014ರ ಏಪ್ರಿಲ್ 8ರವರೆಗೆ ನಡೆಯಿತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸೈಬರ್ ದಾಳಿಯಾದಾಗ, ಗಡುವು ಮುಗಿದಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತುರ್ತು ತೇಪೆ ಕೊಟ್ಟಿತು. ಆಸ್ಪತ್ರೆ, ಕಚೇರಿಗಳಲ್ಲಿ ಎಕ್ಸ್‌ಪಿ ಇನ್ನೂ ಓಡುತ್ತಲೇ ಇತ್ತು.

ನನಗೆ ತೀರಾ ಅನ್ಯಾಯವೆನಿಸುವುದು ಅಪ್‌ಗ್ರೇಡ್ ಆಗದವರನ್ನು ಸೋಮಾರಿಗಳೆಂದು ಕರೆಯುವುದು. ಕನ್ನಡದ ಡಿಟಿಪಿ ಕೇಂದ್ರಗಳನ್ನೇ ನೋಡಿ. ಪುಟವಿನ್ಯಾಸಕ್ಕೆ ಅವು ನೆಚ್ಚಿಕೊಂಡ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 2001ರದು. ಅಡೋಬಿ ಜನರನ್ನು ಇನ್‌ಡಿಸೈನ್ ಕಡೆಗೆ ಕರೆಯಿತು, ಅದರ ಮೊದಮೊದಲ ಆವೃತ್ತಿಗಳಲ್ಲಿ ಪೇಜ್‌ಮೇಕರ್ ಫೈಲು ತೆರೆಯುವ ಸೌಲಭ್ಯವನ್ನೂ ಇಟ್ಟಿತು. ಆದರೆ ನಮ್ಮವರ ಕಷ್ಟ ಫೈಲು ತೆರೆಯುವುದರಲ್ಲಿ ಇರಲಿಲ್ಲ. ಪೇಜ್‌ಮೇಕರ್‌ಗೆ ಯೂನಿಕೋಡ್ (ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ವ್ಯವಸ್ಥೆ) ಬರುತ್ತಿರಲಿಲ್ಲ, ಹಾಗಾಗಿ ಮ್ಯಾಟರ್ ಎಲ್ಲ ನುಡಿ, ಶ್ರೀಲಿಪಿಯಂಥ ಹಳೆಯ ಎನ್‌ಕೋಡಿಂಗ್‌ನಲ್ಲೇ ಇತ್ತು. ಅತ್ತ ಇನ್‌ಡಿಸೈನ್‌ಗೆ ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸಲು ಬಹಳ ವರ್ಷ ಬೇಕಾಯಿತು. ಹೊಸ ಮನೆಯಲ್ಲಿ ಒಲೆಯೇ ಇಲ್ಲದಿದ್ದರೆ ಹಳೇ ಮನೆ ಬಿಡುವವರು ಯಾರು?

ನುಡಿ, ಬರಹ ತಂತ್ರಾಂಶಗಳು ಈ ಸಂಕಟವನ್ನು ಅರ್ಥಮಾಡಿಕೊಂಡವು. ಯೂನಿಕೋಡ್ ತಂದಮೇಲೂ ಹಳೆಯ ಎನ್‌ಕೋಡಿಂಗನ್ನು ಕಿತ್ತುಹಾಕಲಿಲ್ಲ, ಜೊತೆಗೆ ಕನ್ವರ್ಟರನ್ನೂ ಕೊಟ್ಟವು. ಕನ್ವರ್ಟರ್ ಬರೆಯುವುದು ಸಣ್ಣ ಕೆಲಸವಲ್ಲ. 'ಧರ್ಮ' ಎಂಬ ಪದವನ್ನೇ ತೆಗೆದುಕೊಳ್ಳಿ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಧ, ಮ, ಕೊನೆಗೆ ಅರ್ಕಾವೊತ್ತು ಎಂದು ಕೂತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ಅಂದರೆ ರ್ ಮೊದಲು, ಮ ಆಮೇಲೆ. ಇಂಥ ಪ್ರತಿಯೊಂದು ಅಕ್ಷರವನ್ನೂ ಹಿಂದುಮುಂದು ಮಾಡಬೇಕು. ಒಂದೆರಡು ಕಡೆ ತಪ್ಪಿದರೂ ಇಡೀ ಪುಸ್ತಕದ ಕರಡನ್ನು ಮತ್ತೆ ತಿದ್ದಬೇಕಾಗುತ್ತದೆ, ಆ ಖರ್ಚು ಬೀಳುವುದು ಪ್ರಕಾಶಕರ ತಲೆಯ ಮೇಲೆ.