ನಿದ್ದೆಗೆಡಿಸುವ ಕಾಲುಗಳು

ರಾತ್ರಿ ಹತ್ತು ಗಂಟೆ. ದೀಪವಾರಿದೆ. ದಿನವೆಲ್ಲ ದುಡಿದು ಬಳಲಿದ ಗೃಹಿಣಿ ಹಾಸಿಗೆಯ ಮೇಲೆ ಮೈಚೆಲ್ಲಿದ್ದೇ ತಡ, ಮೀನಖಂಡಗಳೊಳಗೆ ಏನೋ ಹರಿದಾಡಿದಂತಾಗುವುದು. ನೋವೆನ್ನಲು ನೋವಲ್ಲ, ಜೋಮೆನ್ನಲು ಜೋಮಲ್ಲ. ಕಾಲಾಡಿಸಿದರೆ ಕ್ಷಣಕಾಲ ಹಾಯೆನಿಸುವುದು. ನಿಲ್ಲಿಸಿದೊಡನೆ ಮತ್ತದೇ ಚಡಪಡಿಕೆ. ಕೊನೆಗೆ ಆಕೆ ಎದ್ದು ನಡುಮನೆಯಲ್ಲಿ ಶತಪಥ ಹಾಕತೊಡಗುವಳು. ಬೆಳಗ್ಗೆ ಯಾರಾದರೂ ಕೇಳಿದರೆ, ನಿದ್ದೆ ಬರಲಿಲ್ಲವೆಂದಷ್ಟೇ ಹೇಳಿಯಾಳು. ಬಣ್ಣಿಸಲು ಮಾತು ದೊರೆಯದಿರುವುದೇ ಈ ಬಾಧೆಯ ವೈಚಿತ್ರ್ಯ.

1672ರಷ್ಟು ಹಿಂದೆಯೇ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇಂತಹ ರೋಗಿಗಳನ್ನು ಕಂಡು, ಅವರ ಪಾಲಿಗೆ ಹಾಸಿಗೆಯೇ ಚಿತ್ರಹಿಂಸೆಯ ತಾಣವೆಂಬರ್ಥದಲ್ಲಿ ಬರೆದಿದ್ದನು. ಅನಂತರದ ಕೆಲವು ವೈದ್ಯರು ಇದನ್ನು ಹಿಸ್ಟೀರಿಯಾದ ಲೆಕ್ಕಕ್ಕೆ ಸೇರಿಸಿ ಕೈತೊಳೆದುಕೊಂಡರು. ‘ಚಡಪಡಿಸುವ ಕಾಲುಗಳು’ ಎಂಬರ್ಥದ ಹೆಸರು ದೊರೆತದ್ದು 1945ರಲ್ಲಿ, ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬೊಮ್‌ನ ಪ್ರೌಢ ಗ್ರಂಥದಿಂದ.

ಹಾಗಾದರೆ ಇದು ಎಷ್ಟು ಮಂದಿಗೆ? ಅಮೆರಿಕ ಮತ್ತು ಯೂರೋಪಿನ ಐದು ದೇಶಗಳಲ್ಲಿ ಹದಿನೈದು ಸಾವಿರಕ್ಕೂ ಮೀರಿದ ವಯಸ್ಕರನ್ನು ವಿಚಾರಿಸಿ 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ನೂರಕ್ಕೆ ಸುಮಾರು 7 ಮಂದಿಗೆ ಎಂದಾದರೊಮ್ಮೆ ಈ ಅನುಭವ. 5 ಮಂದಿಗೆ ವಾರಕ್ಕೊಮ್ಮೆಯಾದರೂ. ವಾರಕ್ಕೆರಡು ಬಾರಿಯಾದರೂ ಬಂದು ನಿಜವಾಗಿ ಪೀಡಿಸುವುದು 3ಕ್ಕಿಂತ ಕಡಮೆ ಮಂದಿಯನ್ನು. ಏಷ್ಯದಲ್ಲಿ ಇದರ ಪ್ರಮಾಣ ತಗ್ಗು. ಬೆಂಗಳೂರಿನಲ್ಲಿ ನಡೆದು 2007ರಲ್ಲಿ ಬೆಳಕು ಕಂಡ ಅಧ್ಯಯನವೊಂದು ನೂರಕ್ಕೆ ಸುಮಾರು 2 ಎಂದಿತು. ಎರಡೇ ಎಂದು ಹಗುರಾಗಿ ಎಣಿಸುವಂತಿಲ್ಲ. ಐವತ್ತು ಮಂದಿ ಕುಳಿತ ರಾತ್ರಿ ಬಸ್ಸಿನಲ್ಲಿ ಒಬ್ಬರು ಕಾಲು ಚಾಚಲಾಗದೆ, ಎದ್ದು ನಡೆಯಲೂ ಆಗದೆ ಬೆಳಗು ಮಾಡುತ್ತಿದ್ದಾರೆಂದೇ ಅದರ ಅರ್ಥ. (ಕುಳಿತಲ್ಲೇ ಕಾಲಲುಗಿಸುವ ಹುಡುಗರನ್ನು ಮನೆಯ ಹಿರಿಯರು ಗದರುವುದುಂಟು, ಆ ಅಭ್ಯಾಸವೇ ಬೇರೆ, ಈ ಬಾಧೆಯೇ ಬೇರೆ.)

ಹೆಂಗಸರಲ್ಲಿ ಇದು ಗಂಡಸರಿಗಿಂತ ಹೆಚ್ಚು. ಗರ್ಭಿಣಿಯರಲ್ಲಂತೂ ಐವರಲ್ಲಿ ಒಬ್ಬರಿಗೆ ಕಾಣಿಸಿಕೊಂಡು, ಹೆರಿಗೆಯ ಬಳಿಕ ಬಹುಮಟ್ಟಿಗೆ ತಾನಾಗಿಯೇ ಅಡಗುವುದು. ಮನೆತನದಲ್ಲಿ ಹರಿದುಬರುವುದೂ ಉಂಟು. ಮಿದುಳಿಗೆ ಕಬ್ಬಿಣದ ಅಂಶ ಸಾಲದಿರುವುದು ಇದರ ಮೂಲಗಳಲ್ಲೊಂದು. ನೆಗಡಿಗೆಂದು ನುಂಗುವ, ಮಂಪರು ತರಿಸುವ ಕೆಲವು ಮಾತ್ರೆಗಳು ಬಾಧೆಯನ್ನು ಕೆರಳಿಸುತ್ತವೆಂಬುದು ಅನೇಕರಿಗೆ ತಿಳಿಯದು.

ಇದನ್ನು ಹಿಡಿದುಕೊಡುವ ಯಂತ್ರವಿಲ್ಲ; ವೈದ್ಯರು ಕೇಳಬೇಕು, ರೋಗಿ ಹೇಳಬೇಕು. ಕಾಲಾಡಿಸಲೇಬೇಕೆಂಬ ತುಡಿತವಿದೆಯೆ? ಸುಮ್ಮನಿದ್ದಾಗ ಹೆಚ್ಚುವುದೆ? ನಡೆದಾಡಿದರೆ ತಗ್ಗುವುದೆ? ಸಂಜೆಯಾದಂತೆ ಉಲ್ಬಣಿಸುವುದೆ? ನಾಲ್ಕಕ್ಕೂ ಹೌದೆಂಬ ಉತ್ತರ ಬಂದು ಬೇರೆ ಕಾರಣ ಕಾಣದಿದ್ದರೆ, ಮುಂದಿನ ಹೆಜ್ಜೆ ರಕ್ತದಲ್ಲಿ ಫೆರಿಟಿನ್ ಪರೀಕ್ಷೆ. ಹಿಮೋಗ್ಲೋಬಿನ್ ಸರಿಯಾಗಿದ್ದವರಲ್ಲೂ ಅದು ತಗ್ಗಿರಬಹುದು.